ಗದಗ ಸುಲಭ, ಹುಬ್ಬಳ್ಳಿ ಕಷ್ಟ

ಅವ್ವ ಕಸೂತಿ ಹಾಕುವಾಗ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತಾಳೆ, ಸೂಜಿ ಇಳಿಸುತ್ತಾಳೆ. ಗೋಪುರದ ಓರೆ ಅಂಚಿಗೆ ಮುರಗಿ ಹೊಲಿಗೆ. ಒಂದು ಅಡ್ಡ, ಒಂದು ಉದ್ದ, ಮೆಟ್ಟಿಲು ಹತ್ತಿದ ಹಾಗೆ. ದೂರದಿಂದ ನೋಡಿದರೆ ನುಣುಪಾದ ಓರೆ ಗೆರೆ! ಹಳೆಯ ವಿಡಿಯೊ ಗೇಮ್‌ಗಳ ಅಕ್ಷರಗಳೂ ಹೀಗೆ ಎಣಿಸಿ ಮಾಡಿದವೇ.

ಆ ಚೌಕ ಚೌಕ ರೂಪ ಬರೀ ಅಂದಕ್ಕೆ ಹುಟ್ಟಿದ್ದಲ್ಲ. ಮೆಮೊರಿ ಬಹಳ ಕಡಿಮೆ ಇತ್ತು. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರದ ಪರದೆ 256 ಚುಕ್ಕಿ ಅಗಲ, 240 ಚುಕ್ಕಿ ಎತ್ತರ. ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ ಅದನ್ನು 8×8 ಚುಕ್ಕಿಗಳ ತುಂಡುಗಳಿಂದ ತುಂಬುತ್ತಿದ್ದರು. ಸಾಲಿಗೆ 32 ತುಂಡು, ಅಂಥ 30 ಸಾಲು. ಒಂದು ತುಂಡಿನಲ್ಲಿ ಒಂದು ಅಕ್ಷರ. ಚುಕ್ಕಿ ಇದೆ, ಇಲ್ಲ ಅಂತ ಮಾತ್ರ ಗುರುತಿಟ್ಟರೆ ಎಂಟು ಚುಕ್ಕಿಗೆ ಒಂದು ಬೈಟ್ ಮೆಮೊರಿ, ಒಂದು ಅಕ್ಷರಕ್ಕೆ 8 ಬೈಟ್ ಸಾಕು. ಇಂಗ್ಲಿಷಿನ 26 ದೊಡ್ಡಕ್ಷರಗಳು 208 ಬೈಟ್‌ನಲ್ಲಿ ಮುಗಿದುಹೋಗುತ್ತವೆ.

ಕನ್ನಡದ ಕಥೆ ಬೇರೆ. ಗ್ರಾಫ್ ಹಾಳೆ ಹಿಡಿದು ನಮ್ಮ ಊರುಗಳ ಹೆಸರು ಬರೆಯಲು ಕೂತೆ. ಗದಗ ಬೇಗ ಬಂತು. ಹಾವೇರಿಯೂ ಬಂತು. ಧಾರವಾಡದ ಮೊದಲ ಅಕ್ಷರದಲ್ಲೇ ತಡೆದೆ. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಸಣ್ಣ ಸೀಳು ಮಾತ್ರ ಅಲ್ವಾ? ಚಿಕ್ಕ ಅಕ್ಷರದಲ್ಲಿ ಅದು ಒಂದೇ ಒಂದು ಚುಕ್ಕಿ. ಅದು ಅಳಿಸಿದರೆ ಊರಿನ ಹೆಸರೇ ತಪ್ಪು. ಇಂಥ ಚುಕ್ಕಿ ಅಕ್ಷರಗಳನ್ನು ಎರಡು ಪಟ್ಟು, ಮೂರು ಪಟ್ಟು ದೊಡ್ಡದು ಮಾಡಬಹುದು. ಒಂದೂವರೆ ಪಟ್ಟು ಮಾಡಬಾರದು. ಆಗ ಕೆಲವು ಚುಕ್ಕಿ ಒಂದೇ ಮನೆಯಲ್ಲಿ ಉಳಿಯುತ್ತವೆ, ಕೆಲವು ಎರಡು ಮನೆ ಹಿಡಿಯುತ್ತವೆ. ಇಲ್ಲವೇ ಅಂಚು ಕಲಸಿ ಮಸುಕಾಗುತ್ತದೆ. ಮೊದಲು ಕೆಡುವುದು ಈ ಸೀಳೇ.

ಇನ್ನು ಹುಬ್ಬಳ್ಳಿ. ಒಂದೇ ಹೆಸರಿನಲ್ಲಿ ಎರಡು ಒತ್ತಕ್ಷರ! ಅಕ್ಷರಕ್ಕೆ 9 ಸಾಲು ಚುಕ್ಕಿ, ನಡುವೆ 1 ಸಾಲು ಖಾಲಿ, ಒತ್ತಿಗೆ 6. ಒಟ್ಟು 16 ಸಾಲು. ಅಗಲವೂ 16 ಅಂದರೆ ಒಂದಕ್ಕೆ 32 ಬೈಟ್, ಇಂಗ್ಲಿಷಿನ ನಾಲ್ಕು ಪಟ್ಟು. ಬ, ಳ ಒತ್ತುಗಳು ತಾಯಿ ಅಕ್ಷರದ ಮರಿಗಳ ಹಾಗಿವೆ. ತ, ನ, ಮ, ರ ಒತ್ತುಗಳಿಗೆ ರೂಪವೇ ಬೇರೆ, ಒಂದೊಂದನ್ನೂ ಹೊಸದಾಗಿ ಬಿಡಿಸಬೇಕು. ಬಿಡಿಸಿದರೂ ಸಾಲದು. ಯಾವ ಒತ್ತು ಎಲ್ಲಿ ಕೂರಬೇಕು ಅನ್ನುವ ನಿಯಮ ಗೇಮ್‌ಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಪರದೆಯ ಮೇಲೆ ‘ಹುಬ್‌ಬಳ್‌ಳಿ’ ಅಂತ ಬರುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ನಮ್ಮ ಮಕ್ಕಳು ಆಡುವ ಗೇಮ್‌ನಲ್ಲಿ ನಮ್ಮ ಲಿಪಿ ಸರಿಯಾಗಿ ಕಾಣಬೇಕು.

ಳ್ಳಿಯ ಸುಳಿಗಳು ನನ್ನ ಹಾಳೆಯಲ್ಲಿ ಕಪ್ಪು ಮುದ್ದೆಯಾಗಿದ್ದವು. ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು. “ಎಲ್ಲಾ ಮನಿ ಯಾಕ ತುಂಬೀ? ನಡುವ ಎರಡು ಖಾಲಿ ಬಿಡು” ಅಂದಳು. ರಬ್ಬರ್ ತಗೊಂಡು ಎರಡು ಮನೆ ಅಳಿಸಿದೆ. ಸುಳಿ ಬಿಚ್ಚಿಕೊಂಡಿತು.