ಬಾಲಾಫೋನ್ ಕೊಂಡರೆ ಕಾಡಿಗೆ ಕೇಡೇ?

ಪ್ರಶ್ನೆ: ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ಪಶ್ಚಿಮ ಆಫ್ರಿಕಾದ ವಾದ್ಯ ಬಾಲಾಫೋನ್ ಕೊಳ್ಳುವ ಆಸೆ. ಆದರೆ ಅದರ ಮರ ಅಳಿವಿನಂಚಿನಲ್ಲಿದೆಯಂತೆ. ವಾದ್ಯ ಮಾಡುವವರೇ ಕಾಡು ಬರಿದು ಮಾಡಿದರಂತೆ, ನಿಜವೇ?

ಇದಕ್ಕೆ ಎಷ್ಟು ಸಲ ಉತ್ತರಿಸಿದೆನೋ ಲೆಕ್ಕವಿಲ್ಲ. ಮರ ಕಷ್ಟದಲ್ಲಿರುವುದು ನಿಜ. ಆದರೆ ಅದನ್ನು ವಾದ್ಯ ಮಾಡುವವರ ತಲೆಗೆ ಕಟ್ಟುವುದು ಅನ್ಯಾಯ.

ಆ ಮರದ ಹೆಸರು ಕೊಸ್ಸೊ. ನಮ್ಮ ಹೊನ್ನೆ, ರಕ್ತಚಂದನಗಳ ಕುಲದ್ದೇ. ಒಂದು ಬಾಲಾಫೋನಿಗೆ ಬೇಕಾದದ್ದು ಇಪ್ಪತ್ತರ ಆಸುಪಾಸು ಪಟ್ಟಿ. ಅಷ್ಟೂ ಸೇರಿ ಒಬ್ಬ ಮನುಷ್ಯನ ತಲೆಹೊರೆ. ಅದಕ್ಕೂ ಒಣಗಿ ನಿಂತ ಮರವನ್ನೇ ಹುಡುಕುತ್ತಾರೆ, ಹಸಿ ಮರದಲ್ಲಿ ನಾದ ಹುಟ್ಟುವುದಿಲ್ಲ. ಪಟ್ಟಿಗಳನ್ನು ಸಣ್ಣ ಉರಿಯ ಮೇಲೆ ನಿಧಾನವಾಗಿ ಒಣಗಿಸಿ, ಕೆತ್ತಿ ಶ್ರುತಿಗೆ ತರುತ್ತಾರೆ: ಅಡಿಯಲ್ಲಿ ನಡುಭಾಗ ಕೆತ್ತಿದರೆ ಸ್ವರ ಇಳಿಯುತ್ತದೆ, ತುದಿ ಕೆತ್ತಿದರೆ ಏರುತ್ತದೆ. ನಾದ ತುಂಬಲೆಂದು ಪಟ್ಟಿಗಳ ಕೆಳಗೆ ತೂಗುವ ಬುರುಡೆಗಳಂತೂ ಹೊಲದಲ್ಲಿ ಬೆಳೆದ ಸೋರೆ. ಗಿನಿಯ ನಿಯಾಗಸ್ಸೊಲಾದಲ್ಲಿ ದೊಕಾಲಾ ಮನೆತನ ಕಾಯುತ್ತಿರುವ ಸೊಸ್ಸೊ ಬಾಲಾ ಎಂಬ ಹಳೆಯ ಬಾಲಾಫೋನ್ ಹದಿಮೂರನೇ ಶತಮಾನದ ದೊರೆ ಸುಮಾವೊರೊ ಕಾಂತೆಯದೆಂದು ಅಲ್ಲಿಯವರ ನಂಬಿಕೆ. ಒಂದೂವರೆ ಮೀಟರ್ ಉದ್ದ, 20 ಪಟ್ಟಿ. ವಾದ್ಯವನ್ನು ಹೀಗೆ ತಲೆಮಾರುಗಟ್ಟಲೆ ಜೋಪಾನ ಮಾಡುವವರು ಕಾಡು ಬರಿದು ಮಾಡುತ್ತಾರೆಯೇ?

ಮರ ಹೋದದ್ದು ದಿಮ್ಮಿಗಳಾಗಿ, ಕಂಟೇನರುಗಟ್ಟಲೆ, ಚೀನಾದ ಕೆಂಪುಮರದ ಮಂಚ ಕುರ್ಚಿಗಳಿಗೆ. 2017ರ ಜನವರಿಯಲ್ಲಿ, ಅಳಿವಿನ ಭಯವಿರುವ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ, ಅಂದರೆ ಪರವಾನಗಿಯಿದ್ದರಷ್ಟೇ ಗಡಿ ದಾಟಬಹುದಾದವುಗಳ ಪಟ್ಟಿಗೆ, ಕೊಸ್ಸೊ ಸೇರಿತು. ಆದರೂ ಕಡಿತ ನಿಲ್ಲಲಿಲ್ಲ. 2022ರಲ್ಲಿ ಆ ಮರ ಬೆಳೆಯುವ ದೇಶಗಳಿಂದ ಅದರ ವ್ಯಾಪಾರವನ್ನೇ ಅಮಾನತಿನಲ್ಲಿಡಬೇಕಾಯಿತು. ಮಾಲಿಯ ರಾಜಧಾನಿ ಬಮಾಕೊದಂಥ ಊರುಗಳಲ್ಲಿ ಕುರಿಗಳ ಮೇವಾಗಿ ಮಾರಲೆಂದು ಅದರ ಸೊಪ್ಪನ್ನೂ ಸವರುತ್ತಾರೆ. ಕೊಸ್ಸೊ ಮುಗಿದರೆ ಮೊದಲು ಬರಿಗೈಯಾಗುವವರು ಮದುವೆ, ನಾಮಕರಣಗಳಲ್ಲಿ ನುಡಿಸಿ ಬದುಕುವ ಜೆಲಿ ಎಂಬ ವಂಶಪಾರಂಪರ್ಯ ಗಾಯಕ-ವಾದಕರ ಮನೆತನಗಳು, ಅವರಿಗೆ ವಾದ್ಯ ಕೆತ್ತಿಕೊಡುವವರು. ಆದ್ದರಿಂದ ಕೊಳ್ಳಿ, ಸಾಧ್ಯವಾದರೆ ಕೆತ್ತಿದವರ ಕೈಯಿಂದಲೇ. ಗಡಿ ದಾಟಿಸಲು ಯಾವ ಕಾಗದಪತ್ರ ಬೇಕೆಂದು ಮೊದಲೇ ವಿಚಾರಿಸಿ.

ನೀವು ಕೇಳದಿದ್ದರೂ ಒಂದು ಮಾತು. ವಾದ್ಯ ಬಂದ ಮೇಲೆ "ಗುಂಯ್ ಅನ್ನುತ್ತದೆ, ಬುರುಡೆ ಒಡೆದಿರಬೇಕು" ಎಂದು ಗಾಬರಿಯಾಗಬೇಡಿ. ಬುರುಡೆಗೆ ಬೇಕೆಂದೇ ತೂತು ಕೊರೆದು, ಜೇಡ ತನ್ನ ಮೊಟ್ಟೆಗಳ ಸುತ್ತ ನೇಯುವ ಪೊರೆಯನ್ನು ಅಂಟಿಸುತ್ತಾರೆ. ಈಗೀಗ ಸಿಗರೇಟಿನ ತೆಳುಕಾಗದವೂ ಆಗುತ್ತದೆ. ತಂಬೂರಿಯ ಕುದುರೆಯ ಮೇಲೆ ನಾವು ಜೀವಾಳಿ ದಾರ ಸರಿಸಿ ಹುಡುಕುವುದೂ ಇಂಥದೇ ಝೇಂಕಾರವನ್ನು. ಪೊರೆ ಹರಿದರೆ ಹೊಸದು ಅಂಟಿಸಿ, ಬುರುಡೆ ಬದಲಿಸಬೇಡಿ.