ಐವತ್ತಕ್ಕೆ ಮೂರು: ಕ್ಯಾಲಿಫೋರ್ನಿಯಾದ ಊರುಗಳ ಬೊಕ್ಕಸ ಮತ್ತು ಪೊಲೀಸರ ಪಿಂಚಣಿ

ಸ್ಯಾನ್ ಹೊಸೆ, ಸನ್ನಿವೇಲ್, ಫ್ರೀಮಾಂಟ್ ಕಡೆ ಮನೆ ಕೊಂಡು ನೆಲೆಸಿರುವ ಕನ್ನಡಿಗರಿಗೆ ರಾಜ್ಯೋತ್ಸವದ ಹೊತ್ತಿಗೆ ಸರಿಯಾಗಿ ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದಿಂದ, ಆಸ್ತಿ ತೆರಿಗೆಯ ಬಿಲ್ಲೂ ಬಂದಿರುತ್ತದೆ. ಮೊದಲ ಕಂತನ್ನು ಡಿಸೆಂಬರ್ 10ರೊಳಗೆ, ಎರಡನೆಯದನ್ನು ಏಪ್ರಿಲ್ 10ರೊಳಗೆ ಕಟ್ಟಬೇಕು. ತಪ್ಪಿದರೆ ನೂರಕ್ಕೆ ಹತ್ತರಂತೆ ದಂಡ. ಕನ್ನಡ ಕೂಟದ ಊಟದ ಸಾಲಿನಲ್ಲಿ ಆಗ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಪಕ್ಕದ ಮನೆಯ ಅಜ್ಜಿ ಅಷ್ಟೇ ದೊಡ್ಡ ಮನೆಗೆ ತಮ್ಮ ಕಾಲುಭಾಗದಷ್ಟೂ ತೆರಿಗೆ ಕಟ್ಟುವುದಿಲ್ಲ ಎಂಬುದು ಒಂದು. ಇಷ್ಟು ಕಟ್ಟಿದರೂ ಪೊಲೀಸರಿಗೆ ಮತ್ತು ಅಗ್ನಿಶಾಮಕ ದಳಕ್ಕೆ ಹಣ ಸಾಲದೆಂದು ಊರಿನ ಆಡಳಿತ ಮತ್ತೆ ಮಾರಾಟ ತೆರಿಗೆ ಏರಿಸಲು ಹೊರಟಿದೆಯಲ್ಲ ಎಂಬುದು ಇನ್ನೊಂದು. ಈ ಎರಡೂ ಒಂದೇ ಕತೆಯ ಎರಡು ತುದಿಗಳು. ನಡುವಿನ ಐವತ್ತು ವರ್ಷಗಳಲ್ಲಿ ಗಂಟಿನ ಮೇಲೆ ಗಂಟು ಬಿದ್ದಿದೆ.

ಕರ್ನಾಟಕದಲ್ಲಿರುವ ಓದುಗರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ಪೊಲೀಸ್ ವ್ಯವಸ್ಥೆ ರಾಜ್ಯ ಸರ್ಕಾರಕ್ಕೆ ಸೇರಿದ್ದು. ಪೇದೆಯ ಸಂಬಳದ ವಿಷಯದಲ್ಲಿ ಕಾರ್ಪೊರೇಟರ್‌ಗೆ ಯಾವ ಪಾತ್ರವೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಅಲ್ಲಿನ ಹೆಚ್ಚಿನ ಊರುಗಳು ತಮ್ಮದೇ ಪೊಲೀಸ್ ಪಡೆ, ತಮ್ಮದೇ ಅಗ್ನಿಶಾಮಕ ಠಾಣೆಗಳನ್ನು ಇಟ್ಟುಕೊಂಡಿವೆ, ಮತ್ತು ಆ ಸಿಬ್ಬಂದಿಯ ಸಂಬಳ, ಓವರ್‌ಟೈಮ್, ನಿವೃತ್ತಿ ಸೌಲಭ್ಯ ಎಲ್ಲವನ್ನೂ ನಗರಸಭೆಯೇ ನೌಕರರ ಸಂಘದೊಂದಿಗೆ ಕೂತು ಚೌಕಾಸಿ ಮಾಡಿ ಒಪ್ಪಂದಕ್ಕೆ ಬರುತ್ತದೆ. ಕ್ಯುಪರ್ಟಿನೊದಂಥ ಊರು ಸ್ವಂತ ಪೊಲೀಸರನ್ನೇ ಇಟ್ಟುಕೊಳ್ಳದೆ ಕೌಂಟಿಯ ಶೆರಿಫ್ ಇಲಾಖೆಗೆ ಹಣ ಕೊಟ್ಟು ಕೆಲಸ ಮಾಡಿಸಿಕೊಳ್ಳುತ್ತದೆ; ಪಕ್ಕದ ಸನ್ನಿವೇಲ್‌ನಲ್ಲಿ 1950ರಿಂದಲೂ ಒಬ್ಬನೇ ಅಧಿಕಾರಿ ಗಸ್ತೂ ತಿರುಗಬೇಕು, ಬೆಂಕಿಯೂ ಆರಿಸಬೇಕು. ವ್ಯವಸ್ಥೆ ಹೇಗೇ ಇರಲಿ, ಬಹುಪಾಲು ಊರುಗಳ ಸಾಮಾನ್ಯ ನಿಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡಕ್ಕೇ ಹೋಗುತ್ತದೆ. ಉದ್ಯಾನ, ಗ್ರಂಥಾಲಯ, ರಸ್ತೆ ರಿಪೇರಿ ಎಲ್ಲ ಉಳಿದದ್ದರಲ್ಲಿ.

ಈ ಚೌಕಾಸಿಯ ಪದ್ಧತಿಗೆ ಕಾನೂನಿನ ರೂಪ ಬಂದದ್ದು 1968ರ ಮೇಯರ್ಸ್-ಮಿಲಿಯಾಸ್-ಬ್ರೌನ್ ಕಾಯಿದೆಯಿಂದ. ಮರುವರ್ಷವೇ, 1969ರ ಜುಲೈನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉತ್ತರ ಅಂಚಿನ ವಲೇಹೊ ಎಂಬ ಊರಿನಲ್ಲಿ ಪೊಲೀಸರೂ ಅಗ್ನಿಶಾಮಕ ಸಿಬ್ಬಂದಿಯೂ ಒಟ್ಟಿಗೆ ಮುಷ್ಕರ ಹೂಡಿದರು. ಐದು ದಿನ ಊರು ಉಸಿರು ಬಿಗಿಹಿಡಿದು ಕೂತಿತ್ತು. ಇನ್ನೊಮ್ಮೆ ಹೀಗಾಗುವುದು ಬೇಡವೆಂದು 1970ರಲ್ಲಿ ಊರಿನ ಚಾರ್ಟರಿಗೆ, ಅಂದರೆ ಊರಿನ ಆಡಳಿತದ ಮೂಲ ಕಾನೂನಿಗೆ, ಒಂದು ನಿಯಮ ಸೇರಿತು: ಸಂಬಳದ ಮಾತುಕತೆ ಮುರಿದುಬಿದ್ದರೆ ಮಧ್ಯಸ್ಥಗಾರರು ತೀರ್ಪು ಕೊಡಬೇಕು, ಅದಕ್ಕೆ ಎರಡೂ ಕಡೆಯವರು ಬದ್ಧರಾಗಿರಬೇಕು. ಮುಷ್ಕರವನ್ನು ತಪ್ಪಿಸಲು ಇದಕ್ಕಿಂತ ನ್ಯಾಯವಾದ ದಾರಿ ಅಂದು ಯಾರಿಗೂ ಕಂಡಿರಲಾರದು. ಆದರೆ ಊರಿನ ಅತಿದೊಡ್ಡ ಖರ್ಚನ್ನು ನಿರ್ಧರಿಸುವ ಕೊನೆಯ ಮಾತು ಅಲ್ಲಿಂದ ಮುಂದೆ ಮತದಾರರಿಗೆ ಉತ್ತರ ಕೊಡಬೇಕಿಲ್ಲದವರ ಕೈಗೆ ಹೋಯಿತು.

1978ರ ಜೂನ್ 6ರಂದು ಬಂದದ್ದು 13ನೇ ಪ್ರಸ್ತಾವ. ಮನೆಗಳ ಬೆಲೆ ಗಗನಕ್ಕೇರಿ, ಅದರ ಜೊತೆಗೆ ತೆರಿಗೆಯೂ ಏರಿ, ಪಿಂಚಣಿಯಲ್ಲಿ ಬದುಕುವ ವೃದ್ಧರು ಮನೆ ಮಾರಬೇಕಾಗಿ ಬಂದಿದ್ದ ಕಾಲ ಅದು. ನೂರಕ್ಕೆ 65ರಷ್ಟು ಮತದಾರರು ಒಪ್ಪಿದ ಈ ಪ್ರಸ್ತಾವದ ಪ್ರಕಾರ ಆಸ್ತಿ ತೆರಿಗೆಯ ಮೂಲ ದರ ಶೇಕಡಾ 1ನ್ನು ಮೀರುವಂತಿಲ್ಲ, ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ, ಮನೆ ಕೈಬದಲಾದಾಗ ಮಾತ್ರ ಹೊಸ ಬೆಲೆ ಕಟ್ಟಬೇಕು. ಪಕ್ಕದ ಮನೆಯ ಅಜ್ಜಿಯ ಗುಟ್ಟು ಇದೇ. ಸ್ಥಳೀಯ ಆಡಳಿತಗಳಿಗೆ ಬರುತ್ತಿದ್ದ ಆಸ್ತಿ ತೆರಿಗೆ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಊರುಗಳು ಮಾರಾಟ ತೆರಿಗೆಯತ್ತ, ಹೋಟೆಲ್ ತೆರಿಗೆಯತ್ತ, ಹೊಸ ಬಡಾವಣೆ ಕಟ್ಟುವವರಿಂದ ಬರುವ ಶುಲ್ಕದತ್ತ ತಿರುಗಿದವು. ಇವೆಲ್ಲವೂ ಸುಭಿಕ್ಷದಲ್ಲಿ ಉಕ್ಕಿ ದುರ್ಭಿಕ್ಷದಲ್ಲಿ ಬತ್ತುವ ಆದಾಯಗಳು. ಪೊಲೀಸರ ಸಂಬಳವಾದರೋ ಎರಡೂ ಕಾಲದಲ್ಲಿ ತಿಂಗಳು ತಿಂಗಳು ಕೊಡಬೇಕಾದದ್ದು.

ಮುಂದಿನ ಇಪ್ಪತ್ತು ವರ್ಷ ಊರುಗಳು ಹೇಗೋ ತೂಗಿಸಿಕೊಂಡು ಹೋದವು. ನಿಜವಾದ ತಿರುವು ಬಂದದ್ದು 1999ರಲ್ಲಿ, ಅದೂ ಹಣದ ಕೊರತೆಯಿಂದಲ್ಲ, ಹಣ ಹೆಚ್ಚಾದುದರಿಂದ. ಸಿಲಿಕಾನ್ ಕಣಿವೆಯ ಡಾಟ್‌ಕಾಮ್ ಉಬ್ಬರದಲ್ಲಿ ಷೇರು ಪೇಟೆ ಏರುತ್ತಲೇ ಇತ್ತು. ರಾಜ್ಯದ ನೌಕರರ ಮತ್ತು ನೂರಾರು ಊರುಗಳ ನೌಕರರ ಪಿಂಚಣಿ ಹಣವನ್ನು ನೋಡಿಕೊಳ್ಳುವ ಕ್ಯಾಲ್‌ಪರ್ಸ್ ನಿಧಿಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಹಣ ಸೇರಿತ್ತು. ಆ ವರ್ಷ ಶಾಸನಸಭೆ ಎಸ್‌ಬಿ 400 ಎಂಬ ಮಸೂದೆಯನ್ನು ಹೆಚ್ಚುಕಡಿಮೆ ವಿರೋಧವೇ ಇಲ್ಲದೆ, ಎರಡೂ ಪಕ್ಷಗಳ ಬೆಂಬಲದಿಂದ ಅಂಗೀಕರಿಸಿತು. ಗವರ್ನರ್ ಗ್ರೇ ಡೇವಿಸ್ ಸಹಿ ಹಾಕಿದರು. ಹೆದ್ದಾರಿ ಗಸ್ತು ಪಡೆಗೆ ಅದು ಕೊಟ್ಟ ಸೂತ್ರಕ್ಕೆ 'ಐವತ್ತಕ್ಕೆ ಮೂರು' ಎಂದೇ ಹೆಸರು. ಐವತ್ತನೇ ವಯಸ್ಸಿಗೆ ನಿವೃತ್ತರಾದರೆ, ಮಾಡಿದ ಸೇವೆಯ ಪ್ರತಿ ವರ್ಷಕ್ಕೂ ಕೊನೆಯ ಸಂಬಳದ ಶೇಕಡಾ 3ರಷ್ಟು ಪಿಂಚಣಿ. ಇಪ್ಪತ್ತನೇ ವಯಸ್ಸಿಗೆ ಸೇರಿ ಮೂವತ್ತು ವರ್ಷ ದುಡಿದವರಿಗೆ ಕೊನೆಯ ಸಂಬಳ ವರ್ಷಕ್ಕೆ ಒಂದು ಲಕ್ಷ ಡಾಲರ್ ಇದ್ದರೆ, ಜೀವಮಾನವಿಡೀ ವರ್ಷಕ್ಕೆ 90 ಸಾವಿರ ಡಾಲರ್. ಅದಕ್ಕೆ ಮುಂಚೆ ಇದ್ದ ಐವತ್ತಕ್ಕೆ ಎರಡರ ಸೂತ್ರದಲ್ಲಾದರೆ ಅದೇ ಲೆಕ್ಕ 60 ಸಾವಿರ.

ಹೆದ್ದಾರಿ ಪೊಲೀಸರಿಗೆ ಸಿಕ್ಕಿದ್ದು ಊರಿನ ಪೊಲೀಸರಿಗೆ ಏಕಿಲ್ಲ ಎಂಬ ಪ್ರಶ್ನೆ ಏಳದೆ ಇರುತ್ತದೆಯೇ? ಒಂದು ಊರು ಕೊಟ್ಟರೆ ಪಕ್ಕದ ಊರು ಕೊಡದೆ ವಿಧಿಯಿಲ್ಲ, ಇಲ್ಲದಿದ್ದರೆ ತರಬೇತಾದ ಸಿಬ್ಬಂದಿ ಅತ್ತ ಹೊರಟುಬಿಡುತ್ತಾರೆ. ಕೆಲವೇ ವರ್ಷಗಳಲ್ಲಿ ಐವತ್ತಕ್ಕೆ ಮೂರು ಎನ್ನುವುದು ರಾಜ್ಯದ ಬಹುತೇಕ ಊರುಗಳ ರೂಢಿಯಾಯಿತು. ಇದರಲ್ಲಿ ಒಂದು ಅನುಕೂಲವೂ ಇತ್ತು. ಸಂಬಳ ಏರಿಸಿದರೆ ಈ ವರ್ಷದ ಆಯವ್ಯಯದಲ್ಲಿ ಕಾಣುತ್ತದೆ, ಪತ್ರಿಕೆಯಲ್ಲಿ ಬರುತ್ತದೆ, ಮತದಾರ ಕೇಳುತ್ತಾನೆ. ಪಿಂಚಣಿ ಏರಿಸಿದರೆ ಅಂದು ಯಾರ ಜೇಬೂ ಹಗುರಾಗುವುದಿಲ್ಲ. ಸಂಘದವರು ಗೆದ್ದೆವೆಂದು ಎದ್ದರು, ನಗರಸಭೆಯವರು ಖರ್ಚಿಲ್ಲದೆ ಶಾಂತಿ ಕೊಂಡೆವೆಂದು ಎದ್ದರು. ಬಿಲ್ಲು ಕಟ್ಟಬೇಕಾದವರಲ್ಲಿ ಎಷ್ಟೋ ಜನ ಆ ಊರಿಗೆ ಇನ್ನೂ ಬಂದೇ ಇರಲಿಲ್ಲ. ನಮ್ಮವರಲ್ಲಿ ಹಲವರು ಆಗ ಬೆಂಗಳೂರು, ಮೈಸೂರುಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿದ್ದರು.

ವಲೇಹೊಗೆ ಮತ್ತೆ ಬರೋಣ, ಏಕೆಂದರೆ ಎಲ್ಲವೂ ಮೊದಲು ಬಯಲಾದದ್ದು ಅಲ್ಲಿ. ಆ ಊರನ್ನು ಸಾಕಿದ್ದು 1854ರಲ್ಲಿ ಸ್ಥಾಪನೆಯಾದ ಮೇರ್ ಐಲೆಂಡ್ ನೌಕಾಪಡೆಯ ಹಡಗುಕಟ್ಟೆ. ಶೀತಲ ಸಮರ ಮುಗಿದ ಮೇಲೆ, 1996ರ ಏಪ್ರಿಲ್ 1ರಂದು, ಅದು ಮುಚ್ಚಿತು. ಸಾವಿರಾರು ಉದ್ಯೋಗ ಹೋದವು, ಆದರೆ ಪೊಲೀಸರ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಸಂಬಳವನ್ನು ಹೋಲಿಸುತ್ತಿದ್ದದ್ದು ಕೊಲ್ಲಿ ಪ್ರದೇಶದ ಇತರ, ಹೆಚ್ಚು ಉಳ್ಳ ಊರುಗಳ ಜೊತೆಗೆ. ಒಪ್ಪಂದದಲ್ಲಿ ಕನಿಷ್ಠ ಸಿಬ್ಬಂದಿಯ ನಿಯಮವೂ ಇತ್ತು. ಅದು ಕೆಲಸ ಮಾಡುವ ಬಗೆ ಸರಳ: ಅಗ್ನಿಶಾಮಕ ಠಾಣೆಯಲ್ಲಿ ಪಾಳಿ ಎಂದರೆ 24 ಗಂಟೆ, ಊಟ, ನಿದ್ದೆ ಎಲ್ಲ ಅಲ್ಲೇ. ಪ್ರತಿ ಎಂಜಿನ್‌ಗೆ ಇಷ್ಟು ಜನ ಇರಲೇಬೇಕು. ಒಬ್ಬರಿಗೆ ಜ್ವರ ಬಂದರೆ ಆ ಜಾಗಕ್ಕೆ ರಜೆಯಲ್ಲಿರುವ ಇನ್ನೊಬ್ಬರನ್ನು ಒಂದೂವರೆ ಪಟ್ಟು ಸಂಬಳಕ್ಕೆ ಕರೆಸಬೇಕು. ಉರಿಯುವ ಮನೆಯೊಳಗೆ ನುಗ್ಗುವವರ ಬೆನ್ನಿಗೆ ಸಾಕಷ್ಟು ಜನ ಇರಬೇಕೆನ್ನುವುದು ಪ್ರಾಣದ ಪ್ರಶ್ನೆ, ಅದನ್ನು ದುರಾಸೆ ಎನ್ನಲಾಗದು. ಆದರೆ ಆದಾಯ ಇಳಿದ ವರ್ಷವೂ ಇಳಿಸಲಾಗದ ಖರ್ಚು ಅದು.

ಮನೆಗಳ ಬೆಲೆ ಏರುತ್ತಿದ್ದ ವರ್ಷಗಳಲ್ಲಿ ಲೆಕ್ಕ ಹೇಗೋ ಹೊಂದುತ್ತಿತ್ತು. 2007ರ ಹೊತ್ತಿಗೆ ಬೆಲೆ ಕುಸಿಯಿತು, ಸಾಲ ತೀರಿಸಲಾಗದ ಮನೆಗಳು ಬ್ಯಾಂಕಿನ ಪಾಲಾದವು. ಸುಮಾರು 1.2 ಲಕ್ಷ ಜನರಿದ್ದ ಊರಿನ ಸಾಮಾನ್ಯ ನಿಧಿಯಲ್ಲಿ ಮುಕ್ಕಾಲು ಪಾಲು ಆಗ ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಸಂಬಳ-ಸವಲತ್ತುಗಳಿಗೇ ಹೋಗುತ್ತಿತ್ತು. 2008ರ ಆರಂಭದಲ್ಲಿ, ಒಪ್ಪಂದ ಮುರಿಯಬಹುದೆಂಬ ಅಂಜಿಕೆಯಿಂದ ಹಲವು ಸಿಬ್ಬಂದಿ ಬೇಗ ನಿವೃತ್ತಿ ತೆಗೆದುಕೊಂಡರು. ಅವರು ಕೂಡಿಟ್ಟ ರಜೆಗಳಿಗೆಲ್ಲ ಒಮ್ಮೆಗೇ ನಗದು ಕೊಡಬೇಕಾಯಿತು. ದಿವಾಳಿಯ ಭಯವೇ ದಿವಾಳಿಯನ್ನು ಹತ್ತಿರ ತಂದಿತು. ಮೇ 6ರಂದು ನಗರಸಭೆಯ ಏಳು ಸದಸ್ಯರೂ ಕೈಯೆತ್ತಿದರು. ಅದೇ ತಿಂಗಳ 23ರಂದು ಊರು, ಸ್ಥಳೀಯ ಆಡಳಿತಗಳಿಗೆಂದೇ ಇರುವ ದಿವಾಳಿ ಕಾನೂನಿನ ಚಾಪ್ಟರ್ 9ರ ಅಡಿಯಲ್ಲಿ, ದಿವಾಳಿ ಅರ್ಜಿ ಹಾಕಿತು.

ಮುಂದಿನ ಮೂರೂವರೆ ವರ್ಷಗಳಲ್ಲಿ ಆದದ್ದನ್ನು ಗಮನಿಸಬೇಕು. 2009ರ ಮಾರ್ಚ್‌ನಲ್ಲಿ ದಿವಾಳಿ ನ್ಯಾಯಾಲಯದ ನ್ಯಾಯಾಧೀಶ ಮೈಕೆಲ್ ಮೆಕ್‌ಮಾನಸ್ ಅವರು ನೌಕರರ ಸಂಘಗಳ ಒಪ್ಪಂದಗಳನ್ನು ಊರು ರದ್ದುಮಾಡಬಹುದೆಂದು ಹೇಳಿದರು. 2010ರಲ್ಲಿ ಮತದಾರರು, ಕೂದಲೆಳೆಯ ಅಂತರದಲ್ಲಿ, ನಲವತ್ತು ವರ್ಷ ಹಳೆಯ ಆ ಮಧ್ಯಸ್ಥಿಕೆಯ ನಿಯಮವನ್ನು ಕಿತ್ತುಹಾಕಿದರು. ನಿವೃತ್ತರ ಆರೋಗ್ಯ ವಿಮೆಗೆ ಊರು ಕೊಡುತ್ತಿದ್ದ ಪಾಲನ್ನು ತಿಂಗಳಿಗೆ 300 ಡಾಲರಿಗೆ ಇಳಿಸಲಾಯಿತು. ಠಾಣೆಗಳು ಮುಚ್ಚಿದವು, ಪೊಲೀಸರ ಸಂಖ್ಯೆ ಸುಮಾರು 150ರಿಂದ 90ರ ಆಸುಪಾಸಿಗೆ ಬಂತು. ಇಷ್ಟೆಲ್ಲ ಆದರೂ ಪಿಂಚಣಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಟ್ಟಿದ್ದರೆ ಕ್ಯಾಲ್‌ಪರ್ಸ್ ಜೊತೆ ವರ್ಷಗಟ್ಟಲೆ ಮೊಕದ್ದಮೆ ನಡೆಸಬೇಕಿತ್ತು, ವಕೀಲರಿಗೆ ಕೊಡಲೂ ಊರಿನಲ್ಲಿ ದುಡ್ಡಿರಲಿಲ್ಲ. 2011ರ ನವೆಂಬರಿನಲ್ಲಿ ಊರು ದಿವಾಳಿಯಿಂದ ಹೊರಬಂತು, ಅದೇ ತಿಂಗಳು ಮತದಾರರು ಡಾಲರಿಗೆ ಒಂದು ಸೆಂಟ್ ಹೆಚ್ಚುವರಿ ಮಾರಾಟ ತೆರಿಗೆಗೆ ಒಪ್ಪಿದರು. ಅಂದರೆ ಕೆಲಸದಲ್ಲಿ ಇರುವವರ ಸಂಬಳ, ಗಸ್ತಿಗೆ ಬರುವವರ ಸಂಖ್ಯೆ, ಬೇಳೆಕಾಳು ಬಿಟ್ಟು ಮಿಕ್ಕ ಸಾಮಾನು ಕೊಳ್ಳುವವರ ಜೇಬು, ಎಲ್ಲವೂ ಬಗ್ಗಿದವು.

2012ರಲ್ಲಿ ಇದೇ ಕತೆ ಇನ್ನೆರಡು ಕಡೆ ನಡೆಯಿತು. ಜೂನ್‌ನಲ್ಲಿ ಅರ್ಜಿ ಹಾಕಿದ ಸ್ಟಾಕ್ಟನ್, ಮರುವರ್ಷ ಡೆಟ್ರಾಯಿಟ್ ದಿವಾಳಿಯಾಗುವವರೆಗೆ, ಹೀಗೆ ನ್ಯಾಯಾಲಯದ ಮೊರೆಹೋದ ಅಮೆರಿಕದ ಅತಿದೊಡ್ಡ ಊರಾಗಿತ್ತು. ಪಿಂಚಣಿ ನಿಧಿಗೆ ತುಂಬಲೆಂದು ಅದು 2007ರಲ್ಲಿ 12.5 ಕೋಟಿ ಡಾಲರ್ ಸಾಲಪತ್ರ ಮಾರಿತ್ತು, ಪೇಟೆ ಕುಸಿಯುವ ಮುನ್ನಾ ವರ್ಷ. ಆಗಸ್ಟ್‌ನಲ್ಲಿ ಅರ್ಜಿ ಹಾಕಿದ ಸ್ಯಾನ್ ಬರ್ನಾರ್ಡಿನೊದ ಚಾರ್ಟರಿನಲ್ಲಿ ಪೊಲೀಸರ ಸಂಬಳ ತನ್ನಷ್ಟೇ ದೊಡ್ಡ ಹತ್ತು ಊರುಗಳ ಸರಾಸರಿಗೆ ಸಮನಾಗಿರಬೇಕೆಂದು ಬರೆದಿತ್ತು. ಜನಸಂಖ್ಯೆ ನೋಡುವ ಆ ನಿಯಮ ಊರಿನ ಬಡತನವನ್ನು ನೋಡುತ್ತಿರಲಿಲ್ಲ.

ಕನ್ನಡಿಗರಿಗೆ ಹೆಚ್ಚು ಪರಿಚಿತವಾದ ಸ್ಯಾನ್ ಹೊಸೆ ದಿವಾಳಿಯ ದಾರಿ ಹಿಡಿಯಲಿಲ್ಲ. ಅಲ್ಲಿ ನಿವೃತ್ತಿ ಸೌಲಭ್ಯಗಳ ವಾರ್ಷಿಕ ವೆಚ್ಚ ಹತ್ತು ವರ್ಷಗಳಲ್ಲಿ 7.3 ಕೋಟಿ ಡಾಲರಿನಿಂದ 24.5 ಕೋಟಿಗೆ ಏರಿತ್ತು. 2012ರ ಜೂನ್‌ನಲ್ಲಿ ಮೇಯರ್ ಚಕ್ ರೀಡ್ ಅವರ ಆಡಳಿತ ಪಿಂಚಣಿ ಕಡಿತದ 'ಬಿ' ಪ್ರಸ್ತಾವವನ್ನು ಮತಕ್ಕಿಟ್ಟಾಗ ನೂರಕ್ಕೆ ಎಪ್ಪತ್ತರಷ್ಟು ಜನ ಒಪ್ಪಿದರು. ಮುಂದಿನ ವರ್ಷ ಅದರ ಮುಖ್ಯ ಅಂಶಗಳಲ್ಲಿ ಕೆಲವನ್ನು ನ್ಯಾಯಾಲಯ ತಳ್ಳಿಹಾಕಿತು. ಅಷ್ಟರಲ್ಲಿ ಪೊಲೀಸರು ನೆರೆಯ ಊರುಗಳಿಗೆ ಹೊರಟಿದ್ದರು. ಸುಮಾರು 1,400 ಇದ್ದ ಪಡೆ ಸಾವಿರಕ್ಕಿಂತ ಕೆಳಗಿಳಿದು, 2016ರಲ್ಲಿ ಪತ್ತೇದಾರರನ್ನೂ ಗಸ್ತಿಗೆ ಹಾಕಬೇಕಾಯಿತು. ಅದೇ ವರ್ಷ ನವೆಂಬರಿನಲ್ಲಿ ಮತದಾರರು 'ಎಫ್' ಎಂಬ ರಾಜಿ ಪ್ರಸ್ತಾವಕ್ಕೆ ಮತ ಹಾಕಿ 'ಬಿ'ಯನ್ನು ಕೈಬಿಟ್ಟರು. ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವುದಕ್ಕೂ ಬೆಲೆಯಿದೆ ಎಂಬುದನ್ನು ಊರು ಹೀಗೆ ಕಲಿಯಿತು.

ಹಿಂತೆಗೆದುಕೊಳ್ಳಲಾಗದಂತೆ ತಡೆಯುವುದು ನ್ಯಾಯಾಲಯಗಳು 1955ರಿಂದ ಬೆಳೆಸಿಕೊಂಡು ಬಂದ 'ಕ್ಯಾಲಿಫೋರ್ನಿಯಾ ನಿಯಮ'. ಕೆಲಸಕ್ಕೆ ಸೇರಿದ ದಿನ ಭರವಸೆ ಕೊಟ್ಟ ಪಿಂಚಣಿಯನ್ನು, ಸಮನಾದ ಬೇರೆ ಅನುಕೂಲ ಕೊಡದೆ, ಮುಂದಿನ ಸೇವೆಯ ವರ್ಷಗಳಿಗೂ ಕಡಿಮೆ ಮಾಡುವಂತಿಲ್ಲ ಎನ್ನುವುದು ಅದರ ತಿರುಳು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಪಿಂಚಣಿಯ ಮೊತ್ತವನ್ನು ಉಬ್ಬಿಸುವ ಲೆಕ್ಕದ ಕೆಲವು ದುರ್ಬಳಕೆಗಳನ್ನು ನಿಲ್ಲಿಸಲು ಅಡ್ಡಿಯಿಲ್ಲವೆಂದಿತು, ಮೂಲ ನಿಯಮವನ್ನು ಉಳಿಸಿಕೊಂಡಿತು. ಸ್ಟಾಕ್ಟನ್ ಮೊಕದ್ದಮೆಯಲ್ಲಿ ನ್ಯಾಯಾಧೀಶ ಕ್ರಿಸ್ಟೊಫರ್ ಕ್ಲೈನ್ ಅವರು ದಿವಾಳಿಯಲ್ಲಿ ಪಿಂಚಣಿಯನ್ನೂ ಕಡಿತಗೊಳಿಸಬಹುದೆಂದು 2014ರ ಅಕ್ಟೋಬರ್ 1ರಂದು ಹೇಳಿ, ಅದೇ ತಿಂಗಳ ಕೊನೆಗೆ ಕಡಿತವಿಲ್ಲದ ಯೋಜನೆಗೇ ಒಪ್ಪಿಗೆ ಕೊಟ್ಟರು.

ಹಾಗಾಗಿ ಬದಲಾವಣೆಯ ಭಾರವೆಲ್ಲ ಇನ್ನೂ ಸೇರದವರ ಮೇಲೆ ಬಿತ್ತು. ಗವರ್ನರ್ ಜೆರ್ರಿ ಬ್ರೌನ್ 2012ರಲ್ಲಿ ಸಹಿ ಹಾಕಿದ ಪಿಂಚಣಿ ಸುಧಾರಣಾ ಕಾಯಿದೆಯ ಪ್ರಕಾರ 2013ರ ಜನವರಿ 1ರ ನಂತರ ಹೊಸದಾಗಿ ಸೇರಿದ ಪೊಲೀಸರಿಗೆ ಮತ್ತು ಅಗ್ನಿಶಾಮಕ ಸಿಬ್ಬಂದಿಗೆ ಹೆಚ್ಚೆಂದರೆ 57ನೇ ವಯಸ್ಸಿಗೆ ಶೇಕಡಾ 2.7, ಕೊನೆಯ ವರ್ಷದ ಸಂಬಳದ ಬದಲು ಮೂರು ವರ್ಷದ ಸರಾಸರಿ. 2012ರ ಡಿಸೆಂಬರಿನಲ್ಲಿ ಸೇರಿದವರೂ ಮರುತಿಂಗಳು ಸೇರಿದವರೂ ಒಂದೇ ಎಂಜಿನ್ ಏರಿ, ಒಂದೇ ಬೆಂಕಿಗೆ ಹೋಗುತ್ತಾರೆ, ಬೇರೆ ಬೇರೆ ಪಿಂಚಣಿಗೆ ಮರಳುತ್ತಾರೆ. ಒಂದೇ ಬೀದಿಯ ಎರಡು ಮನೆಗಳಿಗೆ 13ನೇ ಪ್ರಸ್ತಾವ ಮಾಡಿದ್ದನ್ನೇ ಈ ಕಾಯಿದೆ ಒಂದೇ ಠಾಣೆಯ ಇಬ್ಬರಿಗೆ ಮಾಡಿದೆ. ಎರಡರಲ್ಲೂ ಮೊದಲು ಬಂದವರು ಪಾರು.

ಹಳೆಯ ಲೆಕ್ಕವಂತೂ ಮುಗಿದಿಲ್ಲ. 2008-09ರ ಒಂದೇ ವರ್ಷದಲ್ಲಿ ಹೂಡಿಕೆಯ ಕಾಲುಭಾಗದಷ್ಟನ್ನು ಕಳೆದುಕೊಂಡ ಕ್ಯಾಲ್‌ಪರ್ಸ್, ತನ್ನ ಹಣದ ಮೇಲೆ ನಿರೀಕ್ಷಿಸುವ ಪ್ರತಿಫಲವನ್ನು ಶೇಕಡಾ 7.75ರಿಂದ ಹಂತಹಂತವಾಗಿ 6.8ಕ್ಕೆ ಇಳಿಸಿದೆ. ನಿರೀಕ್ಷೆ ಇಳಿದಷ್ಟೂ ಊರುಗಳು ತುಂಬಿಕೊಡಬೇಕಾದ ಪಾಲು ಏರುತ್ತದೆ. ಅದಕ್ಕಾಗಿಯೇ ಮಾರಾಟ ತೆರಿಗೆಯ ಪ್ರಸ್ತಾವಗಳು ಮತ್ತೆ ಮತ್ತೆ ಮತಪತ್ರದಲ್ಲಿ ಕಾಣಿಸಿಕೊಳ್ಳುತ್ತವೆ. ಪ್ರಚಾರದ ಕರಪತ್ರದಲ್ಲಿ ಪೊಲೀಸರು ಮತ್ತು ಅಗ್ನಿಶಾಮಕ ವಾಹನದ ಚಿತ್ರ ಇರುತ್ತದೆ, ಪ್ರಸ್ತಾವದ ಒಳಗೆ ಮಾತ್ರ 'ಸಾಮಾನ್ಯ ಉದ್ದೇಶ' ಎಂದಿರುತ್ತದೆ. ಪೊಲೀಸರಿಗೇ ಮೀಸಲೆಂದು ನಗರಸಭೆ ಬರೆದರೆ ಮೂರನೇ ಎರಡರಷ್ಟು ಮತ ಬೇಕು, ಸಾಮಾನ್ಯವೆಂದರೆ ಅರ್ಧಕ್ಕಿಂತ ಒಂದು ಹೆಚ್ಚಿದ್ದರೆ ಸಾಕು. ಹೊಸ ಸೂತ್ರದಡಿ 2013ರಲ್ಲಿ ಇಪ್ಪತ್ತೈದನೇ ವಯಸ್ಸಿಗೆ ಸೇರಿದವರಿಗೆ 57 ತುಂಬುವುದು 2045ರಲ್ಲಿ. ಐವತ್ತಕ್ಕೆ ಮೂರರ ಲೆಕ್ಕದಲ್ಲಿ ನಿವೃತ್ತರಾದವರಲ್ಲಿ ಅನೇಕರು ಆಗಲೂ ಪಿಂಚಣಿ ಪಡೆಯುತ್ತಿರುತ್ತಾರೆ.