ಕನ್ನಡಿಯೊಳಗಿನ ಗಂಟಿಗೆ ಬ್ಯಾಕಪ್ ಅನ್ನಬೇಡಿ

ಗೌರಿ ಹಬ್ಬ ಮುಗಿದ ವಾರ ಹನುಮಂತನಗರದಿಂದ ಒಬ್ಬ ನಿವೃತ್ತ ಮೇಷ್ಟ್ರು ನಮ್ಮ ಅಂಗಡಿಗೆ ಬಂದಿದ್ದರು. ಟೌನ್ ಹಾಲ್ ಹತ್ತಿರ ಬಸ್ ಇಳಿದು, ಎಸ್‌ಪಿ ರಸ್ತೆಯ ತಳ್ಳುಗಾಡಿ, ಸ್ಕೂಟರ್, ಕೇಬಲ್ ಮೂಟೆಗಳ ನಡುವೆ ದಾರಿ ಮಾಡಿಕೊಂಡು, ನಾಲ್ಕು ಕಡೆ ವಿಚಾರಿಸಿ, ನಮ್ಮ ಎರಡನೇ ಮಹಡಿ ಹತ್ತಿದ್ದರು. ಕೂತು ನೀರು ಕುಡಿದ ಮೇಲೆ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಫೋನ್ ತೆಗೆದರು.

“ಜಾಗ ಇಲ್ಲ, ಜಾಗ ಇಲ್ಲ ಅಂತ ದಿನಾ ಬಡ್ಕೋತಿತ್ತು. ಹೆಂಗೂ ಎಲ್ಲಾ ಕ್ಲೌಡಲ್ಲಿ ಇದೆಯಲ್ಲ ಅಂತ ಫೋಟೊ ಅಳಿಸಿಬಿಟ್ಟೆ. ಈಗ ನೋಡಿದ್ರೆ ಅಲ್ಲೂ ಇಲ್ಲ. ಒಂಚೂರು ತೆಗೆದುಕೊಡಿ.”

“ಯಾವಾಗ ಅಳಿಸಿದ್ರಿ ಸಾರ್?”

“ಯುಗಾದಿ ಆದ ಮೇಲೆ.”

ಯುಗಾದಿಯಿಂದ ಗೌರಿ ಹಬ್ಬಕ್ಕೆ ಐದು ತಿಂಗಳು. ಫೋನ್ ಕೈಗೆ ತಗೊಳ್ಳುವ ಮೊದಲೇ ಉತ್ತರ ಗೊತ್ತಿತ್ತು. ಆದರೂ ಅವರ ಮುಖ ನೋಡಿ ಹತ್ತು ನಿಮಿಷ ಸುಮ್ನೆ ಅದೂ ಇದೂ ಒತ್ತಿದೆ.

ಡೇಟಾ ರಿಕವರಿ ಕೆಲಸಕ್ಕೆ ಬಂದು 19 ವರ್ಷ ಆಯಿತು. ನೀರಿಗೆ ಬಿದ್ದ ಫೋನ್, ಮಗು ಎಸೆದ ಲ್ಯಾಪ್‌ಟಾಪ್, 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ನೀರು ನುಗ್ಗಿದಾಗ ಕೆಸರು ತುಂಬಿಕೊಂಡು ಬಂದ ಕಂಪ್ಯೂಟರ್‌ಗಳು, ಎಲ್ಲ ನೋಡಿದ್ದೇನೆ. ಅವೆಲ್ಲ ಅಪಘಾತ, ಯಾರ ಮೇಲೂ ಸಿಟ್ಟು ಬರುವುದಿಲ್ಲ. ಸಿಟ್ಟು ಬರುವುದು ‘ಕ್ಲೌಡಲ್ಲಿ ಇದೆಯಲ್ಲ’ ಅನ್ನುವ ಒಂದೇ ಮಾತಿಗೆ. ಇದನ್ನು ಮೇಷ್ಟ್ರಂಥವರು ಮಾತ್ರ ಹೇಳುತ್ತಾರೆ ಅಂದುಕೊಳ್ಳಬೇಡಿ. ಹೊರವರ್ತುಲ ರಸ್ತೆಯ ಕಂಪನಿಗಳಲ್ಲಿ ಕೂತು ಇದೇ ಕ್ಲೌಡಿನ ಕೆಲಸ ಮಾಡುವ ಹುಡುಗರೂ ಮದುವೆ ಫೋಟೊ ಕಳೆದುಕೊಂಡು ಬಂದು ಇದನ್ನೇ ಹೇಳುತ್ತಾರೆ.

ಸಿಂಕ್ ಬೇರೆ, ಬ್ಯಾಕಪ್ ಬೇರೆ. ಇದಿಷ್ಟು ತಲೆಗೆ ಹೋದರೆ ನನ್ನ ಅಂಗಡಿಯ ಅರ್ಧ ಗಿರಾಕಿಗಳು ಬರುವುದೇ ಇಲ್ಲ. ಆದರೆ ಹೇಳಿದಾಗ ಎಲ್ಲರೂ ತಲೆ ಆಡಿಸುತ್ತಾರೆ, ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯುತ್ತಾರೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಕನ್ನಡಿ ಮುಂದೆ ಒಂದು ಗಂಟು ಇಡಿ. ಎರಡು ಗಂಟು ಕಾಣುತ್ತದೆ. ಎದುರಿಗಿರುವ ಗಂಟನ್ನು ಎತ್ತಿ ಒಳಗಿಡಿ. ಕನ್ನಡಿಯಲ್ಲಿ ಇನ್ನೂ ಒಂದು ಉಳಿದಿರಬೇಕಲ್ಲ ಅಂತ ಯಾರಾದರೂ ಹುಡುಕುತ್ತಾರಾ? ಸಿಂಕ್ ಅಂದರೆ ಆ ಕನ್ನಡಿ. ಫೋನಿನಲ್ಲಿ ಏನಿದೆಯೋ ಅದನ್ನೇ ಅಲ್ಲಿ ತೋರಿಸುವುದು, ಇಲ್ಲಿ ಬದಲಾದರೆ ಅಲ್ಲೂ ಬದಲಿಸುವುದು ಅದರ ಕೆಲಸ. ನೀವು ಅಳಿಸಿದಾಗ ಅಲ್ಲಿ ಅಳಿಯಿತು ಅಂದರೆ ಅದು ಕೆಟ್ಟಿಲ್ಲ. ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ. ಬ್ಯಾಕಪ್ ಅನ್ನುವುದು, ಅಂದರೆ ಬೇರೆ ಕಡೆ ಎತ್ತಿಟ್ಟ ಪ್ರತಿ, ಇದಕ್ಕೆ ತದ್ವಿರುದ್ಧ. ನೀವು ಇಲ್ಲಿ ಏನೇ ಎಡವಟ್ಟು ಮಾಡಿಕೊಂಡರೂ ಅದಕ್ಕೆ ಸುದ್ದಿಯೇ ಮುಟ್ಟಬಾರದು.

ಗೂಗಲ್ ಫೋಟೋಸನ್ನೇ ತಗೊಳ್ಳಿ, ಜಾಸ್ತಿ ಜನ ಬಳಸುವುದು ಅದನ್ನೇ ಅಲ್ವಾ. ಅದರಲ್ಲಿ ಬ್ಯಾಕಪ್ ಅನ್ನುವ ಹೆಸರಿನಲ್ಲೇ ಒಂದು ಸ್ವಿಚ್ ಇದೆ. ಗೊಂದಲ ಶುರುವಾಗುವುದೇ ಅಲ್ಲಿಂದ. ಆ ಸ್ವಿಚ್ ಹಾಕಿದ ಮೇಲೆ ಫೋಟೊಗಳು ಮೇಲಕ್ಕೆ, ಅಂದರೆ ಕ್ಲೌಡ್ ಅಂತ ಕರೆಯುವ ಕಂಪನಿಯ ಕಂಪ್ಯೂಟರ್‌ಗಳಿಗೆ, ಇಂಟರ್‌ನೆಟ್ ಮೂಲಕ ಹೋಗುತ್ತವೆ, ಸರಿ. ಆಮೇಲೆ ಅದೇ ಆ್ಯಪ್‌ನಲ್ಲಿ ಫೋಟೊ ಆರಿಸಿ ಕಸದ ಬುಟ್ಟಿಯ ಗುರುತು ಒತ್ತಿದರೆ ಫೋನಿನಿಂದಲೂ ಹೋಗುತ್ತದೆ, ಕ್ಲೌಡಿನಿಂದಲೂ ಹೋಗುತ್ತದೆ. ಒತ್ತುವಾಗ ಅದು ಒಂದು ಮಾತು ಹೇಳುತ್ತದೆ. ಆ ಮಾತನ್ನು ಓದಿದವರನ್ನು ನಾನು ಇನ್ನೂ ಕಂಡಿಲ್ಲ. ಮೇಲೆ ಹೋಗಿದ್ದ ಫೋಟೊ ಬುಟ್ಟಿಯಲ್ಲಿ 60 ದಿನ ಇರುತ್ತದೆ. ಮೇಲೆ ಹೋಗದೇ ಇದ್ದದ್ದಾದರೆ 30 ದಿನ. ಆಮೇಲೆ ಮುಗಿಯಿತು.

ಅದೇ ಆ್ಯಪ್‌ನಲ್ಲಿ ‘ಜಾಗ ಖಾಲಿ ಮಾಡಿ’ ಅನ್ನುವ ಇನ್ನೊಂದು ಬಟನ್ ಇದೆ. ಅದು ಬೇರೆಯೇ ಕೆಲಸ ಮಾಡುತ್ತದೆ. ಆಗಲೇ ಮೇಲೆ ಹೋಗಿರುವ ಫೋಟೊಗಳನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ. ಮೇಷ್ಟ್ರಿಗೆ ಬೇಕಾಗಿದ್ದದ್ದು ಇಂಥ ಬಟನ್. ಅವರು ಒತ್ತಿದ್ದು ಕಸದ ಬುಟ್ಟಿ. ಹಾಗಂತ ಆ ಬಟನ್ ಒತ್ತಿದರೆ ಕ್ಷೇಮ ಅಂತ ನಾನು ಹೇಳಲಾರೆ. ಅದನ್ನು ಒತ್ತಿದ ಕ್ಷಣದಿಂದ ನಿಮ್ಮ ಹತ್ತಿರ ಇರುವುದು ಒಂದೇ ಪ್ರತಿ. ಮೇಲಿರುವುದೇ ಅಸಲು, ಬ್ಯಾಕಪ್ ಇಲ್ಲವೇ ಇಲ್ಲ. ನಮ್ಮ ಊರಿನವರು ಸೈಟಿನ ಕಾಗದ ಹೇಗೆ ಇಟ್ಟುಕೊಳ್ಳುತ್ತಾರೆ ನೋಡಿ. ಸೇಲ್ ಡೀಡ್, ಖಾತಾ, ಟ್ಯಾಕ್ಸ್ ರಸೀದಿ, ಎಲ್ಲದಕ್ಕೂ ಮೂರು ಸೆಟ್ ಜೆರಾಕ್ಸ್. ಒಂದು ಬೀರುವಿನಲ್ಲಿ, ಒಂದು ಭಾವನ ಮನೆಯಲ್ಲಿ, ಒಂದು ಸೂಟ್‌ಕೇಸ್ ತಳದಲ್ಲಿ. ಜೆರಾಕ್ಸ್ ಮಾಡಿಸಿ ಆಯಿತಲ್ಲ ಅಂತ ಅಸಲನ್ನು ಒಲೆಗೆ ಹಾಕಿದವರು ಯಾರೂ ಇಲ್ಲ. ಇದೇ ಬುದ್ಧಿ ಫೋಟೊ ವಿಷಯಕ್ಕೆ ಬಂದಾಗ ಎಲ್ಲಿಗೆ ಹೋಗುತ್ತದೋ!

ಐಫೋನಿನ ಐಕ್ಲೌಡ್ ಕಥೆಯೂ ಇದೇ. ಒಂದು ಕಡೆ ಅಳಿಸಿದರೆ ಆ ಖಾತೆಯ ಐಪ್ಯಾಡ್, ಮ್ಯಾಕ್ ಎಲ್ಲ ಕಡೆ ಅಳಿಯುತ್ತದೆ. ಅಲ್ಲಿ ಸಾಮಾನ್ಯವಾಗಿ 30 ದಿನ ಗಡುವು. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಕೂಡ ಕನ್ನಡಿಯೇ. ಬೇರೆ ಕಂಪನಿಗಳ ಗ್ಯಾಲರಿ ಆ್ಯಪ್‌ನಿಂದ ಅಳಿಸಿದಾಗ ಏನಾಗುತ್ತದೆ ಅನ್ನುವುದು ಫೋನಿನಿಂದ ಫೋನಿಗೆ, ಸೆಟ್ಟಿಂಗಿನಿಂದ ಸೆಟ್ಟಿಂಗಿಗೆ ಬದಲಾಗುತ್ತದೆ. ಅದಕ್ಕೇ ಯಾರಿಗೂ ಫೋನ್‌ನಲ್ಲಿ ಮಾತಾಡಿ ‘ಅಳಿಸಿ, ಏನೂ ಆಗಲ್ಲ’ ಅಂತ ನಾನು ಹೇಳುವುದಿಲ್ಲ. ಮೊದಲು ಒಂದೇ ಒಂದು ಬೇಡದ ಫೋಟೊ ಅಳಿಸಿ, ಬೇರೆ ಕಂಪ್ಯೂಟರ್‌ನಲ್ಲಿ ಅದೇ ಖಾತೆ ತೆರೆದು ನೋಡಿ. ಎರಡು ನಿಮಿಷದ ಕೆಲಸ.

ಇನ್ನೊಂದು ವರ್ಗದವರಿದ್ದಾರೆ. ಇವರದು ಕ್ಲೌಡಿಗೆ ಹೋಗೇ ಇರುವುದಿಲ್ಲ. 2021ರ ಜೂನ್‌ಗೆ ಮುಂಚೆ ಗೂಗಲ್ ಫೋಟೋಸ್‌ನಲ್ಲಿ ಸ್ವಲ್ಪ ಕುಗ್ಗಿಸಿದ ಫೋಟೊಗಳಿಗೆ ಲೆಕ್ಕ ಇರಲಿಲ್ಲ, ಎಷ್ಟು ಬೇಕಾದರೂ ಪುಕ್ಕಟೆ. ಆ ವರ್ಷದ ಜೂನ್ 1ರಿಂದ ಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ ಪುಕ್ಕಟೆ ಸಿಗುವುದು 15 ಜಿಬಿ. ಅದು ತುಂಬಿದರೆ ಹೊಸ ಫೋಟೊ ಮೇಲೆ ಹೋಗುವುದು ನಿಲ್ಲುತ್ತದೆ. ಎಚ್ಚರಿಕೆ ಬರುತ್ತದೆ, ಜಾಹೀರಾತು ಅಂದುಕೊಂಡು ಪಕ್ಕಕ್ಕೆ ತಳ್ಳುತ್ತಾರೆ. ಫೋನ್ ಮೆಜೆಸ್ಟಿಕ್‌ನಲ್ಲಿ ಕಳ್ಳತನ ಆದ ದಿನ ಗೊತ್ತಾಗುತ್ತದೆ, ಕ್ಲೌಡಿನಲ್ಲಿ ಮಗಳ ನಾಮಕರಣದವರೆಗೆ ಮಾತ್ರ ಇದೆ, ಈಗ ಅವಳು ಎಲ್‌ಕೆಜಿ.

“ಪೊಲೀಸಿನವರು ತೆಗೀತಾರಲ್ಲ, ನಿಮಗ್ಯಾಕೆ ಆಗಲ್ಲ?” ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹತ್ತು ಹದಿನೈದು ವರ್ಷದ ಹಿಂದೆ ನಾವೂ ತೆಗೆಯುತ್ತಿದ್ದೆವು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಅಳಿಸುವುದು ಅಂದರೆ ಪುಸ್ತಕದ ವಿಷಯಸೂಚಿಯಿಂದ ಒಂದು ಸಾಲು ಹೊಡೆದು ಹಾಕಿದ ಹಾಗೆ. ಅಧ್ಯಾಯ ಒಳಗೇ ಇರುತ್ತದೆ, ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎಸ್‌ಎಸ್‌ಡಿ. ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲಿ ಬರೆದಿಡುವ ಡಿಸ್ಕ್ ಅದು. ಅದರಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಇದೆ. ಅಳಿಸಿದ ಜಾಗ ಇನ್ನು ಬೇಡ ಅಂತ ಕಂಪ್ಯೂಟರ್ ಡಿಸ್ಕಿಗೆ ಹೇಳುತ್ತದೆ, ಡಿಸ್ಕ್ ತನಗೆ ಬಿಡುವಾದಾಗ ಆ ಜಾಗವನ್ನು ನಿಜವಾಗಿ ಗುಡಿಸಿ ಹಾಕುತ್ತದೆ. ಫೋನಿನಲ್ಲಿ ಇನ್ನೂ ಕಷ್ಟ. ಒಳಗಿರುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿ ಫೋನನ್ನು ಹೊಸದರ ಹಾಗೆ ಖಾಲಿ ಮಾಡಿದರೆ ಕೀಲಿಯೇ ಹೋಗುತ್ತದೆ. ಪೆಟ್ಟಿಗೆ ಇದ್ದು ಏನು ಪ್ರಯೋಜನ? ರೀಸೆಟ್ ಆದ ಹೊಸ ಫೋನಿನಿಂದ ಫೋಟೊ ತೆಗೆದುಕೊಡುತ್ತೇನೆ ಅಂತ ಯಾರಾದರೂ ಮುಂಗಡ ದುಡ್ಡು ಕೇಳಿದರೆ ಎದ್ದು ಬನ್ನಿ. ನಮ್ಮ ಬೀದಿಯಲ್ಲೇ ಕೇಳಿದರೂ ಎದ್ದು ಬನ್ನಿ.

ಕೆಲವೊಮ್ಮೆ ಕಳೆದೇ ಇಲ್ಲದ್ದಕ್ಕೆ ಅಳುವವರೂ ಬರುತ್ತಾರೆ, ಅದೊಂದು ಸಂತೋಷ. ಒಬ್ಬ ಕಥೆಗಾರರು ಹಳೇ ಡಿಸ್ಕ್ ತಂದಿದ್ದರು. ಬರೆದದ್ದೆಲ್ಲ ಹಾಳಾಗಿದೆ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ ಅಂದರು. ಡಿಸ್ಕ್ ಗಟ್ಟಿಮುಟ್ಟಾಗಿತ್ತು. ಹೊಸ ಕಂಪ್ಯೂಟರ್‌ನಲ್ಲಿ ಹಳೆಯ ‘ನುಡಿ’ ಕನ್ನಡ ಫಾಂಟ್ ಇರಲಿಲ್ಲ, ಅಷ್ಟೇ. ಫಾಂಟ್ ಹಾಕಿದೆ, ಪರದೆ ತುಂಬ ಕನ್ನಡ. ಎರಡು ವರ್ಷ ಇದಕ್ಕಾಗಿ ನಿದ್ದೆಗೆಟ್ಟಿದ್ದರಂತೆ. ದುಡ್ಡು ತಗೊಳ್ಳಲು ಮನಸ್ಸಾಗಲಿಲ್ಲ, ಕಾಫಿ ಕುಡಿಸಿದರು.

ಆಫೀಸುಗಳ ಕಥೆ ಬೇರೆ ಅಂದುಕೊಂಡಿದ್ದರೆ ಕೇಳಿ. ಒಂದು ಸಣ್ಣ ಲೆಕ್ಕಪತ್ರದ ಆಫೀಸು, ಐದು ಕಂಪ್ಯೂಟರ್. ಪ್ರತಿ ವರ್ಷ ಆಯುಧಪೂಜೆಗೆ ಕಂಪ್ಯೂಟರಿಗೆಲ್ಲ ಹೂವು, ಕುಂಕುಮ, ಬೂದುಗುಂಬಳಕಾಯಿ, ಏನೂ ಕಡಿಮೆ ಇಲ್ಲ. ಎಲ್ಲರ ಫೈಲ್ ಇಡುವ ಅವರ ಮುಖ್ಯ ಕಂಪ್ಯೂಟರ್, ಅಂದರೆ ಸರ್ವರ್‌ನ ಯುಎಸ್‌ಬಿ ಕಿಂಡಿಯಿಂದ ನಾನೇ ಬ್ರಷ್ ಹಾಕಿ ಕುಂಕುಮ ತೆಗೆದಿದ್ದೇನೆ. ಒಂದು ಸೋಮವಾರ ಬೆಳಗ್ಗೆ ಎಲ್ಲ ಫೈಲ್‌ಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳು ಅಂಟಿಕೊಂಡಿದ್ದವು. ರ‍್ಯಾನ್ಸಮ್‌ವೇರ್. ಫೈಲ್‌ಗಳಿಗೆ ಬೀಗ ಜಡಿದು, ಬಿಡಿಸಲು ದುಡ್ಡು ಕೇಳುವ ದುಷ್ಟ ಸಾಫ್ಟ್‌ವೇರ್ ಅದು. “ಭಯ ಇಲ್ಲ, ಬ್ಯಾಕಪ್ ಎರಡು ಕಡೆ ಇದೆ” ಅಂದರು ಯಜಮಾನರು. ಒಂದು, ಸಿಂಕ್ ಆಗುವ ಫೋಲ್ಡರ್. ಕೆಟ್ಟ ಫೈಲ್‌ಗಳನ್ನು ಅದು ಶ್ರದ್ಧೆಯಿಂದ ಮೇಲೆ ಕಳಿಸಿತ್ತು. ಇನ್ನೊಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಅದು ಎಲ್ಲಿತ್ತು? ಅದೇ ಸರ್ವರ್‌ಗೆ, ಹಗಲೂ ರಾತ್ರಿ, ವರ್ಷವಿಡೀ ಚುಚ್ಚಿಟ್ಟಿತ್ತು. ಅದರಲ್ಲಿದ್ದದ್ದೂ ಹೋಯಿತು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಬೀಗದಲ್ಲೇ ಬಿಟ್ಟ ಹಾಗೆ. ಅವರನ್ನು ಸ್ವಲ್ಪ ಉಳಿಸಿದ್ದು ಕ್ಲೌಡಿನಲ್ಲಿ ಹಳೆಯ ಆವೃತ್ತಿಗಳು ಕೆಲವು ದಿನ ಉಳಿದುಕೊಂಡಿದ್ದದ್ದು. ಎಲ್ಲ ಸೇವೆಯಲ್ಲೂ ಎಲ್ಲ ಪ್ಲಾನ್‌ನಲ್ಲೂ ಹಾಗೆ ಇರುವುದಿಲ್ಲ, ನೆಚ್ಚಿಕೊಳ್ಳಬೇಡಿ.

ಹಾಗಾದರೆ ಏನು ಮಾಡಬೇಕು? ದೊಡ್ಡ ವಿದ್ಯೆ ಏನಲ್ಲ. ಕ್ಲೌಡ್ ಇರಲಿ, ಫೋನ್ ಕಳೆದರೆ ಕೈ ಹಿಡಿಯುವುದು ಅದೇ. ಜೊತೆಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡು ತಿಂಗಳಿಗೊಮ್ಮೆ ಕಾಪಿ ಮಾಡಿ, ತಂತಿ ಕಳಚಿ, ಬೀರುವಿನಲ್ಲಿಡಿ. ಕಳಚುವುದು ಮುಖ್ಯ. ಆಗಾಗ ತೆಗೆದು ನಾಲ್ಕು ಫೋಟೊ ತೆರೆಯುತ್ತದಾ ನೋಡಿ. ಐಫೋನಿನಲ್ಲಿ ಜಾಗ ಉಳಿಸುವ ಸೆಟ್ಟಿಂಗ್ ಹಾಕಿದ್ದರೆ ಫೋನಿನಲ್ಲಿರುವುದು ಚಿಕ್ಕ ರೂಪ, ಅಸಲು ಮೇಲಿರುತ್ತದೆ. ಕೇಬಲ್ ಹಾಕಿ ಎಳೆದುಕೊಂಡರೆ ಪೂರ್ತಿ ಬರುವುದಿಲ್ಲ, ಮೊದಲು ಅಸಲು ಇಳಿಸಿಕೊಳ್ಳಿ. ತೀರಿಕೊಂಡವರ ಖಾತೆಯಲ್ಲಿ ಫೋಟೊ ಇದ್ದು, ಪಾಸ್‌ವರ್ಡ್ ಮನೆಯವರ ಹತ್ತಿರ ಇದ್ದರೆ ಈ ವಾರವೇ ಇಳಿಸಿಕೊಳ್ಳಿ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಆ ನಿಯಮ ಜಾರಿಯಲ್ಲಿದೆ.

ಅಳಿಸಿಯೇ ಹೋಯಿತು ಅಂದರೆ ಮೊದಲು ಕಸದ ಬುಟ್ಟಿ ನೋಡಿ. ಅದರಲ್ಲಿ ಇಲ್ಲದಿದ್ದರೆ ಅದೇ ಫೋನಿಗೆ ರಿಕವರಿ ಆ್ಯಪ್ ಹಾಕಿಕೊಂಡು ಇನ್ನಷ್ಟು ಕೆಡಿಸಬೇಡಿ. ಕಟಕಟ ಸದ್ದು ಮಾಡುವ ಹಾರ್ಡ್ ಡಿಸ್ಕನ್ನು ‘ಇನ್ನೊಂದು ಸಲ’ ಅಂತ ಮತ್ತೆ ಮತ್ತೆ ಚುಚ್ಚಬೇಡಿ. ಫ್ರಿಜ್‌ನಲ್ಲಿ ಇಡಬೇಡಿ. ಇಟ್ಟು ತಂದವರಿದ್ದಾರೆ, ಕರಿಬೇವಿನ ವಾಸನೆ ಬರುತ್ತಿತ್ತು.

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರು ಕಳೆದುಕೊಂಡದ್ದರಲ್ಲಿ ಪ್ರವಾಸದ ಫೋಟೊಗಳೇ ಜಾಸ್ತಿ, ಅದರ ಬಗ್ಗೆ ಅವರಿಗೂ ಚಿಂತೆ ಇರಲಿಲ್ಲ. ಒಂದು ನೋಟುಪುಸ್ತಕದ ಫೋಟೊಗಳು ಬೇಕಿತ್ತು. ಅವರ ತಾಯಿ ಹಸೆಹಾಡು, ಆರತಿ ಹಾಡು ಬರೆದಿಟ್ಟುಕೊಂಡಿದ್ದ ಉದ್ದನೆಯ ಲೆಕ್ಕದ ಪುಸ್ತಕ. ಪುಟಪುಟವೂ ಫೋಟೊ ತೆಗೆದು, ಪುಸ್ತಕವನ್ನು ಊರ ಮನೆಯ ಅಟ್ಟಕ್ಕೆ ವಾಪಸ್ ಇಟ್ಟಿದ್ದರು. ಈ ಮಳೆಗಾಲದಲ್ಲಿ ಅಟ್ಟಕ್ಕೆ ಗೆದ್ದಲು ಹತ್ತಿತು.

“ಇದನ್ನ ಯಾರಿಗಾದರೂ ಕಳಿಸಿದ್ರಾ ಸಾರ್, ವಾಟ್ಸ್ಆ್ಯಪ್‌ನಲ್ಲಿ?” ಅಂತ ಕೇಳಿದೆ. ನನ್ನ ಕಸುಬಿನಲ್ಲಿ ಯಾವ ಸಾಫ್ಟ್‌ವೇರ್‌ಗಿಂತ ಜಾಸ್ತಿ ಕೆಲಸಕ್ಕೆ ಬಂದಿರುವುದು ಈ ಪ್ರಶ್ನೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಮೈಸೂರಿನ ಮಗಳಿಗೆ ಫೋನ್ ಮಾಡಿದರು. ಮಗಳ ಫೋನಿನಲ್ಲಿ 11 ಪುಟ ಸಿಕ್ಕಿತು. ಕಳಿಸುವಾಗ ಕುಗ್ಗಿದ್ದರಿಂದ ಅಂಚು ಮಸುಕು, ಆದರೆ ಓದಬಹುದು. ನಮ್ಮ ದೊಡ್ಡ ಪರದೆಯಲ್ಲಿ ತೆರೆದೆ. ನೀಲಿ ಶಾಯಿ, ಓರೆ ಅಕ್ಷರ, ಒಂದು ಪುಟದ ಮೂಲೆಯಲ್ಲಿ ಅರಿಶಿನದ ಹೆಬ್ಬೆಟ್ಟಿನ ಗುರುತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಒಂದು ನುಡಿ ಮೆಲ್ಲಗೆ ಓದಿದರು. ನಮ್ಮ ಹುಡುಗ ಬೆಸುಗೆ ಹಾಕುವುದನ್ನು ನಿಲ್ಲಿಸಿ ಕೇಳುತ್ತಾ ನಿಂತ.

ಮುಂದಿನ ವಾರ ಫೋನ್ ಮಾಡಿದರು. ನಾನು ಹೇಳಿದ ಹಾಗೆ ಎರಡು ಪ್ರತಿ ಮಾಡಿದ್ದಾರಂತೆ, ಎರಡು ಪೆನ್ ಡ್ರೈವ್‌ನಲ್ಲಿ.

“ಭೇಷ್ ಸಾರ್. ಎಲ್ಲಿಟ್ಟಿದ್ದೀರಿ?”

“ಎರಡೂ ಒಂದೇ ಸ್ಟೀಲ್ ಡಬ್ಬಿಯಲ್ಲಿ. ಹುಡುಕೋದು ಸುಲಭ ಅಲ್ವಾ?”

ಒಂದನ್ನು ಮೈಸೂರಿಗೆ ಕಳಿಸಿ ಅಂದೆ. ಅವಳು ಕಳೆದು ಹಾಕ್ತಾಳೆ ಅಂದರು.